ಹೊರಗೆ ಹಾರಿದ ಕಿಡಿ, ಒಳಗೆ ಹಾರದ ಕಿಡಿ: ಕಾತ್ರಜ್ ಘಾಟಿನ ಒಂದು ಪ್ರಕರಣ

ಜುಲೈ ಕೊನೆಯ ವಾರ. ಪುಣೆಯಲ್ಲಿ ನಾಲ್ಕು ದಿನದಿಂದ ಮಳೆ ಬಿಟ್ಟಿರಲಿಲ್ಲ. ಬೆಳಗ್ಗೆ ನಾನು ಶಟರ್ ಎತ್ತುವ ಹೊತ್ತಿಗೆ ಕಾಕಾ ಗಾಡಿ ತಂದು ನಿಲ್ಲಿಸಿದ್ದರು. ಕಾಕಾ ಇಂಡಿ ತಾಲೂಕಿನವರು. ಮೂವತ್ತು ವರ್ಷದಿಂದ ಧನಕವಡಿಯಲ್ಲಿದ್ದಾರೆ. ಸ್ವಂತ ಕಾರಿನಲ್ಲಿ ಮುಂಬೈ ಏರ್‌ಪೋರ್ಟ್ ಟ್ರಿಪ್ ಹೊಡೆಯುತ್ತಾರೆ. ನಾನು ಜಮಖಂಡಿಯವನು. ಕಾತ್ರಜ್ ಚೌಕದಿಂದ ಹಳೆ ಘಾಟಿನ ಕಡೆ ಹೋಗುವ ರಸ್ತೆಯಲ್ಲಿ ನನ್ನ ಗ್ಯಾರೇಜ್ ಇದೆ. ಗಾಡಿಯ ವೈರಿಂಗ್, ಸೆನ್ಸರ್, ಇಗ್ನಿಷನ್ ಕೆಲಸವೇ ಹೆಚ್ಚು.

"ತಮ್ಮಾ, ಘಾಟ್ ಏರುವಾಗ ಗಾಡಿ ಜರ್ಕ್ ಹೊಡಿಲಾಕತ್ತದ. ಮೂರು ವಾರ ಆಯ್ತು. ಹನ್ನೊಂದು ಸಾವಿರ ಹಾಕೀನಿ. ಇನ್ನೂ ಹಂಗೇ ಅದ" ಅಂದರು.

ನಾಲ್ಕು ಸಿಲಿಂಡರಿನ ಚಿಕ್ಕ ಪೆಟ್ರೋಲ್ ಇಂಜಿನ್, ಫ್ಯಾಕ್ಟರಿಯಿಂದಲೇ ಸಿಎನ್‌ಜಿ ಫಿಟ್ ಆಗಿ ಬಂದದ್ದು. ಓಡಿದ್ದು 88 ಸಾವಿರ ಕಿಲೋಮೀಟರ್. ಊರೊಳಗೆ ಏನೂ ತೊಂದರೆ ಇಲ್ಲ. ಸಿಗ್ನಲ್‌ನಲ್ಲಿ ನಿಂತರೆ ಇಂಜಿನ್ ಸದ್ದಿಲ್ಲದೆ ನಡೆಯುತ್ತದೆ. ಖೋಪೋಲಿ ದಾಟಿ ಬೋರ್ ಘಾಟ್ ಏರಲು ಶುರು ಮಾಡಿದರೆ, ಮೂರನೇ ಗೇರಿನಲ್ಲಿ ಕಾಲು ಒತ್ತಿದ ಕೂಡಲೇ ಗಾಡಿ ತಡವರಿಸುತ್ತದೆ. ಡ್ಯಾಶ್‌ಬೋರ್ಡಿನ ಹಳದಿ ಇಂಜಿನ್ ಲೈಟು ಮಿಣುಕುತ್ತದೆ. ಆಮೇಲೆ ಹತ್ತಿಕೊಂಡೇ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಕಾಕಾ ಕೊನೆಗೆ ಹೇಳಿದರು. "ಪೆಟ್ರೋಲಿಗೆ ಹಾಕಿದ್ರ ಸುಮ್ನ ಏರ್ತದ ನೋಡು. ಸಿಎನ್‌ಜಿಗೆ ಬಂದ್ರ ಶುರು."

ಮೊದಲು ಹೋದ ಗ್ಯಾರೇಜಿನವರು ಇದೇ ಮಾತು ಹಿಡಿದು ಹೊರಟಿದ್ದರು. ಸ್ಕ್ಯಾನರ್ ಹಾಕಿದಾಗ ಅವರಿಗೆ ಎರಡು ಕೋಡ್ ಸಿಕ್ಕಿದ್ದವು. ಒಂದು ಪಿ0303, ಅಂದರೆ ಮೂರನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಮಿಶ್ರಣ ಸರಿಯಾಗಿ ಉರಿಯುತ್ತಿಲ್ಲ ಅಂತ. ಇನ್ನೊಂದು ಪಿ0171, ಅಂದರೆ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಇಂಧನ ಕಡಿಮೆ. ಸಿಎನ್‌ಜಿಯಲ್ಲಿ ಮಾತ್ರ ತೊಂದರೆ, ಮೇಲೆ ಇಂಧನ ಕಡಿಮೆ ಅನ್ನುವ ಕೋಡ್. ಹಾಗಾಗಿ ಗ್ಯಾಸ್ ಸರಿಯಾಗಿ ಬರುತ್ತಿಲ್ಲ ಅಂದುಕೊಂಡರು. ಗ್ಯಾಸ್ ಫಿಲ್ಟರ್ ಬದಲಿಸಿದರು, ಇಂಜೆಕ್ಟರ್ ಕ್ಲೀನ್ ಮಾಡಿದರು, ಹೊಸ ಆಕ್ಸಿಜನ್ ಸೆನ್ಸರ್ ಹಾಕಿದರು. ಸಿಲಿಂಡರಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ಕರೆಂಟ್ ಬರುತ್ತದೋ ಇಲ್ಲವೋ ಅಂತಲೂ ನೋಡಿದ್ದರು. ಕಿಡಿ ಚೆನ್ನಾಗಿತ್ತು. ಇನ್ನು ಉಳಿದದ್ದು ಗ್ಯಾಸ್ ರೆಗ್ಯುಲೇಟರ್ ಅಂತ ಹೇಳಿ ಕಳಿಸಿದ್ದರು.

ಅವರು ಬುದ್ಧಿಯಿಲ್ಲದೆ ಕೆಲಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಅವರ ಕೈಗೆ ಸಿಕ್ಕ ಸುಳಿವು ನಿಜವಾಗಿಯೂ ಆ ಕಡೆಗೇ ಬೆರಳು ತೋರಿಸುತ್ತಿತ್ತು. ದಾರಿ ತಪ್ಪಿದ್ದು ಎರಡು ಕಡೆ. ಪ್ಲಗ್ ಬಿಚ್ಚಿ ಕಿಡಿ ನೋಡಿದ್ದು ಒಂದು, ಆಕ್ಸಿಜನ್ ಸೆನ್ಸರಿನ ಮಾತನ್ನು ಅರ್ಥ ಮಾಡಿಕೊಂಡ ರೀತಿ ಇನ್ನೊಂದು. ಈ ಎರಡನ್ನು ಬಿಡಿಸಿ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ಇಂಥ ಗಾಡಿ ವಾರಕ್ಕೆ ಒಂದಾದರೂ ನನ್ನ ಹತ್ತಿರ ಬರುತ್ತದೆ. ಸುಮ್ನೆ ದುಡ್ಡು ಕಳಕೊಂಡೇ ಬರುತ್ತದೆ.

ಒಂದು ಕಿಡಿ ಹುಟ್ಟುವ ಬಗೆ

ನಾನು ಹದಿನಾರು ವರ್ಷದವನಿದ್ದಾಗ ಮುಂಬೈಯ ಕುರ್ಲಾದಲ್ಲಿ ಕೆಲಸ ಕಲಿತೆ. ಆಗ ಅಲ್ಲಿ ಕಪ್ಪು-ಹಳದಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳೇ ತುಂಬಿದ್ದವು. 2023ರ ಅಕ್ಟೋಬರ್‌ನಲ್ಲಿ ಅವು ಮುಂಬೈ ರಸ್ತೆಯಿಂದ ಪೂರ್ತಿ ಇಳಿದವು. ಅವುಗಳಲ್ಲಿ ಇಡೀ ಇಂಜಿನ್ನಿಗೆ ಒಂದೇ ಕಾಯಿಲ್, ಅಂದರೆ ಬ್ಯಾಟರಿಯ ಕಡಿಮೆ ವೋಲ್ಟೇಜನ್ನು ಕಿಡಿ ಹಾರುವಷ್ಟು ಏರಿಸುವ ತಂತಿ ಸುರುಳಿ. ಕರೆಂಟನ್ನು ನಾಲ್ಕು ಪ್ಲಗ್‌ಗೆ ಹಂಚಲು ಒಂದು ಡಿಸ್ಟ್ರಿಬ್ಯೂಟರ್. ಅದರೊಳಗೆ ತೆರೆದು ಮುಚ್ಚುವ ಪಾಯಿಂಟ್. ಪಾಯಿಂಟ್ ತೆರೆದಾಗ ಕಾಯಿಲ್ಲಿನ ಕರೆಂಟ್ ಕಡಿದು ಕಿಡಿ ಹುಟ್ಟುತ್ತಿತ್ತು. ನಮ್ಮ ಉಸ್ತಾದರು ಡಿಸ್ಟ್ರಿಬ್ಯೂಟರ್‌ಗೆ ಡೆಲ್ಕೋ ಅನ್ನುತ್ತಿದ್ದರು. ಆ ಹೆಸರು ಎಲ್ಲಿಂದ ಬಂತು ಅಂತ ನನಗೆ ಬಹಳ ವರ್ಷ ಆದ ಮೇಲೆ ತಿಳಿಯಿತು. ಅಮೆರಿಕದ ಚಾರ್ಲ್ಸ್ ಕೆಟೆರಿಂಗ್ ಬ್ಯಾಟರಿ ಇಗ್ನಿಷನ್ ಕಟ್ಟಿದ ಕಂಪನಿ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್. ಅದರ ಚಿಕ್ಕ ಹೆಸರು ಡೆಲ್ಕೋ. 1910ರ ಕ್ಯಾಡಿಲಾಕ್ ಕಾರಿಗೆ ಅವರ ಇಗ್ನಿಷನ್ ಹೋಯಿತು.

ಈಗಿನ ಕಾರಿನಲ್ಲಿ ಡೆಲ್ಕೋ ಇಲ್ಲ, ಪಾಯಿಂಟ್ ಇಲ್ಲ. ಆದರೆ ಕಿಡಿ ಹುಟ್ಟುವ ಮೂಲ ಅದೇ: ಕಾಯಿಲ್ ತುಂಬು, ಥಟ್ಟನೆ ಕಡಿ.

ಕಾಕಾನ ಗಾಡಿಯಂಥ ಇಂಜಿನ್ನಿನಲ್ಲಿ ನಾಲ್ಕು ಪ್ಲಗ್‌ಗೆ ನಾಲ್ಕು ಕಾಯಿಲ್. ಒಂದೊಂದು ಪ್ಲಗ್ಗಿನ ನೆತ್ತಿಯ ಮೇಲೆ ಒಂದೊಂದು ಕಾಯಿಲ್ ಟೋಪಿಯ ಹಾಗೆ ಕೂರುತ್ತದೆ. ಕಾಯಿಲ್ಲಿನಿಂದ ಪ್ಲಗ್ಗಿನ ತಲೆವರೆಗೆ ಒಂದು ಸ್ಪ್ರಿಂಗ್. ಅದರ ಸುತ್ತ ಕಪ್ಪು ರಬ್ಬರಿನ ಕೊಳವೆ. ಗ್ಯಾರೇಜಿನಲ್ಲಿ ಅದಕ್ಕೆ ಬೂಟ್ ಅನ್ನುತ್ತೇವೆ. ಇಂಜಿನ್ ತಲೆಯಲ್ಲಿ ಉದ್ದನೆಯ ಗುಂಡಿ, ಅದರ ತಳದಲ್ಲಿ ಪ್ಲಗ್. ಆ ಗುಂಡಿಯೊಳಗೆ ಬೂಟ್ ಇಳಿದಿರುತ್ತದೆ. ಈ ಬೂಟಿನ ಮಾತು ಮುಂದೆ ಬರುತ್ತದೆ.

ಯಾವಾಗ ಕಿಡಿ ಹಾರಿಸಬೇಕು ಅಂತ ನಿರ್ಧರಿಸುವುದು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್. ಅದಕ್ಕೆ ಇಂಜಿನ್ ಎಲ್ಲಿದೆ ಅಂತ ಗೊತ್ತಾಗಬೇಕಲ್ವಾ? ಪಿಸ್ಟನ್‌ಗಳು ತಿರುಗಿಸುವ ದಂಡಕ್ಕೆ ಕ್ರ್ಯಾಂಕ್ ಅನ್ನುತ್ತೇವೆ. ಅದರ ಜೊತೆ ತಿರುಗುವ ಒಂದು ಹಲ್ಲಿನ ಚಕ್ರ ಇರುತ್ತದೆ. ಬಹಳ ಗಾಡಿಗಳಲ್ಲಿ ಅದಕ್ಕೆ 60 ಹಲ್ಲಿನ ಜಾಗ, ಅದರಲ್ಲಿ ಎರಡು ಹಲ್ಲು ಬೇಕೆಂದೇ ಬಿಟ್ಟಿರುತ್ತಾರೆ. ಹಲ್ಲಿಗೆ 6 ಡಿಗ್ರಿ. ಪಕ್ಕದಲ್ಲಿರುವ ಸೆನ್ಸರ್ ಒಂದೊಂದು ಹಲ್ಲು ದಾಟಿದಾಗಲೂ ಒಂದು ಸಿಗ್ನಲ್ ಕೊಡುತ್ತದೆ. ಹಲ್ಲಿಲ್ಲದ ಜಾಗ ಬಂದಾಗ ಇಸಿಯುಗೆ ಎಣಿಕೆ ಎಲ್ಲಿಂದ ಶುರು ಅಂತ ತಿಳಿಯುತ್ತದೆ. ಪಿಸ್ಟನ್ ಮೇಲೆ ಬಂದದ್ದು ಮಿಶ್ರಣ ಅಮುಕಲಿಕ್ಕೋ, ಹೊಗೆ ಹೊರಹಾಕಲಿಕ್ಕೋ ಅಂತ ಕ್ಯಾಮ್ ಸೆನ್ಸರ್ ಹೇಳುತ್ತದೆ.

3000 ಆರ್‌ಪಿಎಂನಲ್ಲಿ ಇಂಜಿನ್ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಎರಡು ಸುತ್ತಿಗೊಮ್ಮೆ ಒಂದೊಂದು ಸಿಲಿಂಡರ್ ಉರಿಯಬೇಕು. ಅಂದರೆ ಒಂದು ಪ್ಲಗ್ ಸೆಕೆಂಡಿಗೆ 25 ಸಲ, ಗಂಟೆಗೆ 90 ಸಾವಿರ ಸಲ ಕಿಡಿ ಹಾರಿಸುತ್ತದೆ. ಒಂದೊಂದು ಕಿಡಿಗೂ ಪ್ಲಗ್ಗಿನ ಲೋಹ ಕಣ್ಣಿಗೆ ಕಾಣದಷ್ಟು ಸವೆಯುತ್ತದೆ.

ಒಂದೇ ಒಂದು ಕಿಡಿಯನ್ನು ನಿಧಾನವಾಗಿ ನೋಡೋಣ. ಮಿಶ್ರಣ ಉರಿಯಲು ಸಮಯ ಬೇಕು. ಹಾಗಾಗಿ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ಒಂದೇ ವೇಗದಲ್ಲಿ ಆರಾಮಾಗಿ ಓಡುವಾಗ ಅದು 30 ಡಿಗ್ರಿ ಮೊದಲು ಇರಬಹುದು. ಲೋಡ್, ಆರ್‌ಪಿಎಂ, ಇಂಜಿನ್ ಬಿಸಿ, ನಾಕ್ ಸೆನ್ಸರ್ ಕೇಳಿಸಿಕೊಂಡ ಟಕಟಕ ಸದ್ದು, ಇವನ್ನೆಲ್ಲ ನೋಡಿ ಇಸಿಯು ಪ್ರತಿ ಸಲವೂ ಲೆಕ್ಕ ಹಾಕುತ್ತದೆ. ಆ ಗಳಿಗೆಗೆ ಸುಮಾರು 3 ಮಿಲಿಸೆಕೆಂಡ್ ಮೊದಲು ಕಾಯಿಲ್ಲಿನ ಮೊದಲ ಸುರುಳಿಗೆ ಬ್ಯಾಟರಿ ಕರೆಂಟ್ ಬಿಡುತ್ತದೆ. ಕರೆಂಟ್ ಒಂದೇ ಏಟಿಗೆ ಬರುವುದಿಲ್ಲ. ಸೊನ್ನೆಯಿಂದ ಏರುತ್ತಾ ಹೋಗಿ 6-7 ಆಂಪಿಯರ್ ಮುಟ್ಟುತ್ತದೆ. ಅಷ್ಟು ಹೊತ್ತು ಕಾಯಿಲ್ಲಿನಲ್ಲಿ ಅಯಸ್ಕಾಂತದ ಬಲ ತುಂಬಿಕೊಳ್ಳುತ್ತದೆ. ಬ್ಯಾಟರಿ ಸೊರಗಿದ್ದರೆ ಇಸಿಯು ತಾನೇ ಇನ್ನಷ್ಟು ಹೊತ್ತು ತುಂಬುತ್ತದೆ.

ಸರಿಯಾದ ಗಳಿಗೆಗೆ ಟ್ರಾನ್ಸಿಸ್ಟರ್ ಕರೆಂಟನ್ನು ಥಟ್ಟನೆ ಕಡಿಯುತ್ತದೆ. ಬಲ ಕುಸಿಯುತ್ತದೆ. ಆ ಕುಸಿತದ ರಭಸಕ್ಕೆ ಮೊದಲ ಸುರುಳಿಯಲ್ಲೇ 300-400 ವೋಲ್ಟ್ ಎದ್ದುಬಿಡುತ್ತದೆ. ಎರಡನೇ ಸುರುಳಿಯಲ್ಲಿ ಸುಮಾರು ನೂರು ಪಟ್ಟು ಹೆಚ್ಚು ಸುತ್ತು ಇರುವುದರಿಂದ ಅಲ್ಲಿ 30-40 ಸಾವಿರ ವೋಲ್ಟ್‌ವರೆಗೆ ಏರುವ ಶಕ್ತಿ ಇರುತ್ತದೆ.

ಶಕ್ತಿ ಇರುತ್ತದೆ ಅಂದೆ. ಪ್ರತಿ ಸಲ ಅಷ್ಟು ಏರುತ್ತದೆ ಅನ್ನಲಿಲ್ಲ. ಈ ಪ್ರಕರಣದ ಗಂಟು ಇರುವುದು ಇಲ್ಲಿ. ವೋಲ್ಟೇಜ್ ಏರುತ್ತಾ ಹೋಗುತ್ತದೆ. ಪ್ಲಗ್ಗಿನ ಗ್ಯಾಪ್ ದಾಟಲು ಎಷ್ಟು ಬೇಕೋ ಅಷ್ಟು ಮುಟ್ಟಿದ ಕೂಡಲೇ ಕಿಡಿ ಹಾರುತ್ತದೆ, ಏರುವುದು ಅಲ್ಲಿಗೆ ನಿಲ್ಲುತ್ತದೆ. ಎಷ್ಟು ಬೇಕು ಅನ್ನುವುದನ್ನು ಕಾಯಿಲ್ ನಿರ್ಧರಿಸುವುದಿಲ್ಲ. ಗ್ಯಾಪ್ ಎಷ್ಟು ಅಗಲ, ಅಲ್ಲಿರುವ ಗಾಳಿ ಎಷ್ಟು ಒತ್ತಾಗಿದೆ, ಮುಖ್ಯವಾಗಿ ಇವೆರಡು ನಿರ್ಧರಿಸುತ್ತವೆ. ಫ್ರೀಡ್ರಿಕ್ ಪಾಶೆನ್ 1889ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ.

ಹೊರಗಿನ ಗಾಳಿಯಲ್ಲಿ ಒಂದು ಮಿಲಿಮೀಟರ್ ದಾಟಲು ಸುಮಾರು 3 ಸಾವಿರ ವೋಲ್ಟ್ ಸಾಕು. ಅದೇ ಒಂದು ಮಿಲಿಮೀಟರ್, ಸಿಲಿಂಡರಿನೊಳಗೆ ಗಾಳಿ ಅಮುಕಿ ಇಟ್ಟಾಗ, ಹತ್ತು ಸಾವಿರ, ಹದಿನೈದು ಸಾವಿರ, ಘಾಟ್ ಏರುವಾಗ ಇನ್ನೂ ಜಾಸ್ತಿ ಕೇಳುತ್ತದೆ. ಕಾಲು ಒತ್ತಿದಷ್ಟೂ ಒಳಗೆ ಗಾಳಿ ಜಾಸ್ತಿ, ಒತ್ತಡ ಜಾಸ್ತಿ. ಸಿಎನ್‌ಜಿ ಆದರೆ ಪೆಟ್ರೋಲಿಗಿಂತ ಮತ್ತಷ್ಟು ಬೇಕು.

ಈಗ ಕಾಕಾನ ಮಾತನ್ನು ಇನ್ನೊಮ್ಮೆ ಕೇಳಿ. ಸಿಗ್ನಲ್‌ನಲ್ಲಿ ಸರಿ, ಘಾಟಿನಲ್ಲಿ ಜರ್ಕ್. ಪೆಟ್ರೋಲಿನಲ್ಲಿ ಸರಿ, ಸಿಎನ್‌ಜಿಯಲ್ಲಿ ಜರ್ಕ್. ಗ್ಯಾಸ್ ಸಾಲದೆ ಇದ್ದರೂ ಹೀಗೇ ಆಗುತ್ತದೆ, ನಿಜ. ಆದರೆ ವೋಲ್ಟೇಜ್ ಎಲ್ಲಿ ಜಾಸ್ತಿ ಬೇಕೋ ಅಲ್ಲೇ ಗಾಡಿ ಸೋಲುತ್ತಿದೆ ಅನ್ನುವುದೂ ಅಷ್ಟೇ ನಿಜ.

ಆಕ್ಸಿಜನ್ ಸೆನ್ಸರ್ ಸುಳ್ಳು ಹೇಳಿರಲಿಲ್ಲ

ಇಂಧನ ಕಡಿಮೆ ಅನ್ನುವ ಕೋಡ್ ಹೇಗೆ ಬಂತು? ಸೈಲೆನ್ಸರ್ ಪೈಪಿನಲ್ಲಿರುವ ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕ ಎಷ್ಟು ಅಂತ ಮಾತ್ರ ನೋಡುತ್ತದೆ. ಇಂಧನ ಅದಕ್ಕೆ ಕಾಣುವುದಿಲ್ಲ. ಮೂರನೇ ಸಿಲಿಂಡರಿನಲ್ಲಿ ಕಿಡಿ ಹಾರದೆ ಹೋದರೆ ಅಲ್ಲಿಯ ಗಾಳಿ, ಗ್ಯಾಸ್ ಎರಡೂ ಉರಿಯದೆ ಹಾಗೇ ಹೊರಗೆ ಬರುತ್ತವೆ. ಸೆನ್ಸರಿಗೆ ಕಾಣುವುದು ಆ ಗಾಳಿಯ ಆಮ್ಲಜನಕ. ಆಮ್ಲಜನಕ ಜಾಸ್ತಿ ಇದೆ, ಅಂದರೆ ಇಂಧನ ಕಡಿಮೆ ಬಿದ್ದಿದೆ ಅಂತ ಇಸಿಯು ತಿಳಿದುಕೊಳ್ಳುತ್ತದೆ. ಇನ್ನಷ್ಟು ಗ್ಯಾಸ್ ಬಿಡುತ್ತದೆ. ನಾನು ಸ್ಕ್ಯಾನರಿನಲ್ಲಿ ನೋಡಿದಾಗ ಇಸಿಯು ಗ್ಯಾಸನ್ನು ಶೇಕಡಾ 17 ಹೆಚ್ಚು ಮಾಡಿಕೊಂಡು ಕೂತಿತ್ತು.

ಹಾಗಾಗಿ ಒಂದು ಸಿಲಿಂಡರಿನ ಮಿಸ್‌ಫೈರ್ ಕೋಡ್ ಮತ್ತು ಇಂಧನ ಕಡಿಮೆ ಅನ್ನುವ ಕೋಡ್ ಒಟ್ಟಿಗೆ ಬಂದರೆ ನಾನು ಮೊದಲು ಮಿಸ್‌ಫೈರ್ ಹಿಂದೆ ಹೋಗುತ್ತೇನೆ. ಗ್ಯಾಸ್ ಒತ್ತಡವೇ ಕಡಿಮೆ ಆಗಿದ್ದರೆ ನಾಲ್ಕೂ ಸಿಲಿಂಡರ್ ಒದ್ದಾಡಬೇಕಿತ್ತು. ಇಲ್ಲಿ ಮೂರನೆಯದು ಒಂದೇ.

ಇಸಿಯುಗೆ ಮೂರನೆಯದೇ ಅಂತ ಹೇಗೆ ಗೊತ್ತಾಯಿತು ಅಂತ ನನ್ನ ಅಕ್ಕನ ಮಗ ಕೇಳಿದ. ಅವನು ಐಟಿಐ ಮುಗಿಸಿ ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದಾನೆ. ಅದೇ ಹಲ್ಲಿನ ಚಕ್ರ ಹೇಳುತ್ತದೆ. ಒಂದೊಂದು ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್ ಸ್ವಲ್ಪ ರಭಸ ಪಡೆಯುತ್ತದೆ. ಉರಿಯದೆ ಹೋದರೆ ಆ ಅರ್ಧ ಸುತ್ತಿನ ಹಲ್ಲುಗಳು ಕೂದಲೆಳೆಯಷ್ಟು ತಡವಾಗಿ ದಾಟುತ್ತವೆ. ಈ ಇಂಜಿನ್ನಿನ ಸರದಿ 1-3-4-2. ತಡವಾದದ್ದು ಯಾರ ಸರದಿ ಅಂತ ಇಸಿಯು ಎಣಿಸಿ ಹೇಳುತ್ತದೆ. ನನಗೆ ಈ ಕೆಲಸದಲ್ಲಿ ಇವತ್ತಿಗೂ ಬಹಳ ಇಷ್ಟವಾಗುವ ಸಂಗತಿ ಇದು.

ಇಂಜಿನ್ ಲೈಟು ಮಿಣುಕುವುದನ್ನು ಮಾತ್ರ ಯಾರೂ ಹಗುರ ಮಾಡಬೇಡಿ. ಉರಿಯದ ಇಂಧನ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಅದರೊಳಗಿನ ಜೇನುಗೂಡಿನಂಥ ಪಿಂಗಾಣಿ ಕರಗುವಷ್ಟು ಬಿಸಿ ಆಗಬಹುದು. ಅದನ್ನು ಬದಲಿಸುವ ಖರ್ಚು ಪ್ಲಗ್, ಕಾಯಿಲ್ ಖರ್ಚಿನ ಎಷ್ಟೋ ಪಟ್ಟು. ಲೈಟು ಮಿಣುಕಿದರೆ ಕಾಲು ಹಗುರ ಮಾಡಿ. ಸಾಧ್ಯವಾದರೆ ಪಕ್ಕಕ್ಕೆ ನಿಲ್ಲಿಸಿ. ಸಿಎನ್‌ಜಿ ಗಾಡಿ ಇದ್ದು, ಪೆಟ್ರೋಲಿನಲ್ಲಿ ಲೈಟು ಮಿಣುಕುವುದು ನಿಂತರೆ ಪೆಟ್ರೋಲಿನಲ್ಲೇ ಗ್ಯಾರೇಜ್ ಸೇರಿ.

ಘಾಟಿನ ಎರಡು ಸುತ್ತು

ಮೊದಲು ನಿಂತಲ್ಲೇ ನೋಡುವುದನ್ನು ನೋಡಿದೆ. ಬ್ಯಾಟರಿ ಸರಿ ಇತ್ತು, ಇಂಜಿನ್ ಅರ್ಥಿಂಗ್ ಸರಿ ಇತ್ತು. ಕ್ಲ್ಯಾಂಪ್ ಮೀಟರ್ ಹಾಕಿ ನಾಲ್ಕೂ ಕಾಯಿಲ್ಲಿಗೆ ಹೋಗುವ ಕರೆಂಟ್ ಅನ್ನು ಸ್ಕೋಪಿನಲ್ಲಿ, ಅಂದರೆ ಕರೆಂಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಪರದೆಯಲ್ಲಿ, ನೋಡಿದೆ. ನಾಲ್ಕರದ್ದೂ ಒಂದೇ ತರಹದ ಏರಿಳಿತ, 7 ಆಂಪಿಯರ್ ಹತ್ತಿರ ಏರಿ ನೆಟ್ಟಗೆ ಕಡಿಯುತ್ತಿತ್ತು. ಅಂದರೆ ಇಸಿಯು, ವೈರಿಂಗ್, ಕಾಯಿಲ್ಲಿನ ಮೊದಲ ಸುರುಳಿ ಇವುಗಳಲ್ಲಿ ದೋಷ ಇಲ್ಲ.

ಆಮೇಲೆ ಕಾಕಾನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳೆ ಕಾತ್ರಜ್ ಘಾಟ್ ಏರಿದೆ. ಹಿಂದಿನ ಸೀಟಿನಲ್ಲಿ ಅಳಿಯ ಸ್ಕ್ಯಾನರ್ ಹಿಡಿದಿದ್ದ. ಸಿಎನ್‌ಜಿ, ಮೂರನೇ ಗೇರ್, 2500 ಆರ್‌ಪಿಎಂ. ಕಾಲು ಪೂರ್ತಿ ಒತ್ತಿದ ಕೂಡಲೇ ಗಾಡಿ ಜಗ್ಗಿತು. ಮೂರನೇ ಸಿಲಿಂಡರಿನ ಮಿಸ್‌ಫೈರ್ ಎಣಿಕೆ ಓಡತೊಡಗಿತು. ಪೆಟ್ರೋಲಿಗೆ ಬದಲಿಸಿದೆ. ಜರ್ಕ್ ನಿಂತಿತು. ಆದರೆ ಎಣಿಕೆ ಸೊನ್ನೆ ಆಗಲಿಲ್ಲ. ಅಲ್ಲೊಂದು ಇಲ್ಲೊಂದು ಬೀಳುತ್ತಲೇ ಇತ್ತು. ಕಾಕಾನಿಗೆ ಸೀಟಿನಲ್ಲಿ ಕೂತು ತಿಳಿಯದಷ್ಟು ಕಡಿಮೆ, ಅಷ್ಟೇ. ಇದು ನನಗೆ ಬಹಳ ಮುಖ್ಯವಾಯಿತು. ತೊಂದರೆ ಸಿಎನ್‌ಜಿ ಕಿಟ್ಟಿನಲ್ಲೇ ಇದ್ದಿದ್ದರೆ ಪೆಟ್ರೋಲಿನಲ್ಲಿ ಅದೇ ಸಿಲಿಂಡರ್ ಯಾಕೆ ತಪ್ಪಬೇಕು?

ವಾಪಸ್ ಬಂದು ಮೂರನೇ ಕಾಯಿಲ್ ಬಿಚ್ಚಿ ಒಂದನೆಯದಕ್ಕೆ ಹಾಕಿದೆ, ಒಂದನೆಯದನ್ನು ಮೂರಕ್ಕೆ. ತಪ್ಪು ಕಾಯಿಲ್ಲಿನದಾದರೆ ಅದು ಒಂದನೇ ಸಿಲಿಂಡರಿಗೆ ಹೋಗಬೇಕು. ಪ್ಲಗ್ಗಿನದಾದರೆ ಮೂರರಲ್ಲೇ ಉಳಿಯಬೇಕು. ಮತ್ತೆ ಘಾಟ್ ಏರಿದೆವು. ಈ ಸಲ ಒಂದರಲ್ಲೂ ಎಣಿಕೆ ಓಡಿತು, ಮೂರರಲ್ಲೂ ಓಡಿತು.

"ಮಾಮಾ, ಇದೇನು ಎರಡೂ ಕೆಟ್ಟೈತೇನು?" ಅಂದ ಅಳಿಯ.

ಕಾಕಾ ಏನೂ ಅನ್ನಲಿಲ್ಲ. ಕಿಟಕಿಯಿಂದ ಹೊರಗೆ ನೋಡುತ್ತಾ ಕೂತಿದ್ದರು. ಸಂಜೆ ಆರಕ್ಕೆ ಅವರಿಗೆ ಏರ್‌ಪೋರ್ಟ್ ಬುಕಿಂಗ್ ಇತ್ತು.

ಗ್ಯಾರೇಜಿಗೆ ಬಂದ ಮೇಲೆ ಮೂರನೇ ಪ್ಲಗ್ ಬಿಚ್ಚಲು ಹೇಳಿದೆ. ಅಳಿಯ ಬಿಚ್ಚಿ ತುದಿ ನೋಡಿದ. ತುದಿಯ ಬಣ್ಣ ತಿಳಿ ಕಂದು, ಮಸಿ ಇಲ್ಲ, ಎಣ್ಣೆ ಇಲ್ಲ. ನಾನು ಬೇಡ ಅನ್ನುವಷ್ಟರಲ್ಲಿ ಪ್ಲಗ್ಗನ್ನು ಕಾಯಿಲ್ಲಿಗೆ ಸಿಕ್ಕಿಸಿ ಇಂಜಿನ್ ಬಾಡಿಗೆ ತಾಗಿಸಿ ಸೆಲ್ಫ್ ಹೊಡೆಯಲು ತಯಾರಾಗಿದ್ದ. ತಡೆದೆ. ಮೊದಲು ಸಿಎನ್‌ಜಿ ಸಿಲಿಂಡರಿನ ವಾಲ್ವ್ ಮುಚ್ಚಿಸಿದೆ, ಪೆಟ್ರೋಲ್ ಇಂಜೆಕ್ಟರ್ ಮತ್ತು ಗ್ಯಾಸ್ ಇಂಜೆಕ್ಟರ್ ಎರಡರ ಕನೆಕ್ಟರನ್ನೂ ತೆಗೆಸಿದೆ. ತೆರೆದ ಪ್ಲಗ್ ಗುಂಡಿಯಿಂದ ಗ್ಯಾಸ್ ಹೊರಗೆ ಬರುವಾಗ ಪಕ್ಕದಲ್ಲೇ ಕಿಡಿ ಹಾರಿಸಿದರೆ ಮುಖ ಸುಟ್ಟುಕೊಳ್ಳುತ್ತೇವೆ. ಪ್ಲಗ್ ಬಾಡಿಗೆ ಸರಿಯಾಗಿ ತಾಗದೆ ಇದ್ದರೆ ವೋಲ್ಟೇಜ್ ಹೋಗಲು ದಾರಿ ಸಿಗದೆ ಕಾಯಿಲ್ ಒಳಗೇ ಸುಡುವ ಅಪಾಯವೂ ಇದೆ. ಹಾಗಾಗಿ ಪ್ಲಗ್ಗಿಗೆ ಕ್ಲಿಪ್ ಹಾಕಿ ಬಾಡಿಗೆ ಕಟ್ಟಿದೆ.

ಸೆಲ್ಫ್ ಹೊಡೆದ. ಟಪ್ ಟಪ್ ಅಂತ ನೀಲಿ ಕಿಡಿ.

"ಕರೆಂಟ್ ಚಲೋ ಬರಾಕತ್ತೈತಿ ನೋಡ್ರಿ ಮಾಮಾ."

ಬರುತ್ತಿತ್ತು, ಅನುಮಾನವಿಲ್ಲ. ಹೊರಗಿನ ಗಾಳಿಯಲ್ಲಿ ಮೂರು-ನಾಲ್ಕು ಸಾವಿರ ವೋಲ್ಟಿಗೇ ಅದು ಹಾರುತ್ತದೆ. ಮೊದಲಿನ ಗ್ಯಾರೇಜಿನಲ್ಲೂ ಇದೇ ಕಿಡಿ ನೋಡಿ ಇಗ್ನಿಷನ್ ಸರಿ ಇದೆ ಅಂದುಬಿಟ್ಟರು. ಬಯಲಲ್ಲಿ ಖಾಲಿ ಕೈಬಂಡಿ ಓಡಿಸಿ, ಮೂಟೆ ಹೇರಿದರೂ ಏರು ಏರುತ್ತದೆ ಅಂದ ಹಾಗೆ ಅದು. ಒಂದು ಸೆಂಟಿಮೀಟರಿಗಿಂತ ಜಾಸ್ತಿ ಗ್ಯಾಪ್ ಇಡುವ ಸ್ಪಾರ್ಕ್ ಟೆಸ್ಟರ್ ಸಿಗುತ್ತದೆ. ಅದನ್ನು ಮೂರರಿಂದ ತೆಗೆದು ಒಂದಕ್ಕೆ ಹಾಕಿದ್ದ ಕಾಯಿಲ್ಲಿಗೆ ಸಿಕ್ಕಿಸಿದೆ. ಗ್ಯಾಪ್ ಹೆಚ್ಚಿಸುತ್ತಾ ಹೋದೆ. ಸ್ವಲ್ಪ ಹೊತ್ತಿನಲ್ಲಿ ಟೆಸ್ಟರಿನ ಗ್ಯಾಪಿನಲ್ಲಿ ಕಿಡಿ ನಿಂತಿತು, ಆದರೆ ಟಪ್ ಟಪ್ ಸದ್ದು ನಿಲ್ಲಲಿಲ್ಲ. ಕರೆಂಟ್ ಬೇರೆ ಎಲ್ಲಿಂದಲೋ ಹಾರಿ ಹೋಗುತ್ತಿತ್ತು.

ಪೆನ್ಸಿಲ್ ಗೆರೆ

ಪ್ಲಗ್ ಬಿಚ್ಚಿದರೆ ನಾವೆಲ್ಲ ತುದಿ ನೋಡುತ್ತೇವೆ. ಉಸ್ತಾದರು ನನಗೆ ತಲೆ ಕಡೆಯಿಂದ ನೋಡಲು ಕಲಿಸಿದ್ದರು. ಪ್ಲಗ್ಗಿನ ಮೇಲ್ಭಾಗದ ಬಿಳಿ ಪಿಂಗಾಣಿಯನ್ನು ಒಣ ಬಟ್ಟೆಯಿಂದ ಒರೆಸಿ ಟಾರ್ಚ್ ಹಿಡಿದೆ. ಬೆರಳಲ್ಲಿ ಮೆಲ್ಲಗೆ ತಿರುಗಿಸುತ್ತಾ ಹೋದೆ. ಮುಕ್ಕಾಲು ಸುತ್ತು ಬಂದ ಮೇಲೆ ಕಾಣಿಸಿತು. ಮೇಲಿನ ಲೋಹದ ಟೋಪಿಯಿಂದ ಕೆಳಗೆ ಪಾನಾ ಹಾಕುವ ಆರು ಮೂಲೆಯವರೆಗೆ ಒಂದು ಸಣ್ಣ ಕಪ್ಪು ಗೆರೆ. ಸೀಸದ ಕಡ್ಡಿಯಲ್ಲಿ ಎಳೆದ ಹಾಗೆ, ಸ್ವಲ್ಪ ಸೊಟ್ಟಗೆ, ಒಂದು ಕಡೆ ಎರಡು ಕವಲಾಗಿ ಮತ್ತೆ ಕೂಡಿತ್ತು. ಉಗುರಿನಿಂದ ಕೆರೆದರೆ ಹೋಗಲಿಲ್ಲ. ಆರು ಮೂಲೆಯ ಹತ್ತಿರ ತುಕ್ಕಿನ ಕೆಂಪು ಉಂಗುರ.

ಮೂರರಿಂದ ತೆಗೆದು ಒಂದಕ್ಕೆ ಹಾಕಿದ್ದ ಕಾಯಿಲ್ಲಿನ ಬೂಟನ್ನು ಉದ್ದಕ್ಕೆ ಸೀಳಿ ಬಿಡಿಸಿದೆ. ಒಳಗೋಡೆಯಲ್ಲೂ ಅಂಥದೇ ಗೆರೆ. ಅದರ ಜಾಡಿನಲ್ಲಿ ರಬ್ಬರ್ ಬೂದಿ ಬಣ್ಣಕ್ಕೆ ತಿರುಗಿ, ಮಡಚಿದರೆ ಬಿರಿಯುತ್ತಿತ್ತು.

ನಾವು ಇದಕ್ಕೆ ಕಾರ್ಬನ್ ಟ್ರ್ಯಾಕ್ ಅನ್ನುತ್ತೇವೆ. ಒಮ್ಮೆ ಕಿಡಿ ಪಿಂಗಾಣಿ ಮತ್ತು ರಬ್ಬರಿನ ನಡುವೆ ಜಾರಿ ಹೊರಗಿನಿಂದಲೇ ಬಾಡಿಗೆ ಹಾರಿದರೆ ಆ ದಾರಿ ಸುಟ್ಟು ಇಂಗಾಲವಾಗುತ್ತದೆ. ಇಂಗಾಲ ಕರೆಂಟ್ ಒಯ್ಯುತ್ತದೆ. ಮುಂದಿನ ಸಲ ಅಲ್ಲಿ ಹಾರುವುದು ಇನ್ನೂ ಸುಲಭ. ಹೊಲದ ಬದುವಿನಲ್ಲಿ ನೀರು ಒಮ್ಮೆ ಒಡೆದುಕೊಂಡರೆ ಪ್ರತಿ ಮಳೆಗೂ ಅಲ್ಲೇ ಹರಿಯುತ್ತದಲ್ಲ, ಹಾಗೆ. ಗ್ಯಾಪ್ ಕಡಿಮೆ ವೋಲ್ಟೇಜ್ ಕೇಳುವಾಗ, ಅಂದರೆ ಸಿಗ್ನಲ್‌ನಲ್ಲಿ ನಿಂತಾಗ, ಕಿಡಿ ಒಳಗೇ ಹಾರುತ್ತದೆ. ಘಾಟಿನಲ್ಲಿ, ಸಿಎನ್‌ಜಿಯಲ್ಲಿ, ಒಳಗಿನ ದಾರಿ ದುಬಾರಿ ಆಗುತ್ತದೆ. ಆಗ ಕರೆಂಟ್ ಹೊರಗಿನ ದಾರಿ ಹಿಡಿಯುತ್ತದೆ.

ಕಾಯಿಲ್ ಅದಲುಬದಲು ಮಾಡಿದಾಗ ಎರಡೂ ಸಿಲಿಂಡರ್ ತಪ್ಪಿದ್ದು ಯಾಕೆ ಅಂತ ಈಗ ಅಳಿಯನಿಗೂ ಹೊಳೆಯಿತು. ಗೆರೆ ಎರಡು ಕಡೆ ಇತ್ತು. ಅರ್ಧ ಬೂಟಿನ ಜೊತೆ ಒಂದನೇ ಸಿಲಿಂಡರಿಗೆ ಹೋಯಿತು. ಅರ್ಧ ಪ್ಲಗ್ಗಿನ ಮೇಲೆ ಮೂರರಲ್ಲೇ ಉಳಿಯಿತು. ಎಷ್ಟೋ ಜನ ಇಂಥ ಗಾಡಿಗೆ ಬರೀ ಕಾಯಿಲ್ ಹೊಸದು ಹಾಕುತ್ತಾರೆ. ಹಳೆ ಪ್ಲಗ್ಗಿನ ಗೆರೆ ಹೊಸ ಬೂಟನ್ನೂ ಸುಡುತ್ತದೆ, ತಿಂಗಳಲ್ಲಿ ಗಾಡಿ ವಾಪಸ್ ಬರುತ್ತದೆ. ಬರೀ ಪ್ಲಗ್ ಹಾಕಿದರೂ ಅದೇ ಕಥೆ. ಎರಡನ್ನೂ ಒಟ್ಟಿಗೇ ಬದಲಿಸಬೇಕು.

ಶುರುವಾದದ್ದು ಎಲ್ಲಿ

ಫೀಲರ್ ಗೇಜ್ ತೆಗೆದುಕೊಂಡು ನಾಲ್ಕೂ ಪ್ಲಗ್ಗಿನ ಗ್ಯಾಪ್ ಅಳೆದೆ. ಈ ಇಂಜಿನ್ನಿಗೆ ಗ್ಯಾಪ್ 1.0 ಮಿಲಿಮೀಟರ್ ದಾಟಬಾರದು. ಮೂರನೆಯದು 1.3 ಇತ್ತು. ಉಳಿದವು 1.2ರ ಆಸುಪಾಸು. ಕೊನೆಗೆ ಪ್ಲಗ್ ಹಾಕಿಸಿದ್ದು ಯಾವಾಗ ಅಂತ ಕೇಳಿದರೆ ಕಾಕಾ ಸೀಟಿನ ಕೆಳಗಿಂದ ಡೈರಿ ತೆಗೆದರು. 41 ಸಾವಿರಕ್ಕೆ. ಅಂದರೆ ಸಾದಾ ನಿಕಲ್ ಪ್ಲಗ್, 47 ಸಾವಿರ ಕಿಲೋಮೀಟರ್, ಹೆಚ್ಚಿನದೆಲ್ಲ ಸಿಎನ್‌ಜಿಯಲ್ಲಿ. ಇಂಥ ಪ್ಲಗ್ ಪೆಟ್ರೋಲ್ ಗಾಡಿಯಲ್ಲೇ 30-40 ಸಾವಿರಕ್ಕೆ ಮುಗಿಯುತ್ತದೆ. ಸಿಎನ್‌ಜಿಯಲ್ಲಿ ಇನ್ನೂ ಬೇಗ.

ನಾಲ್ಕೂ ಸವೆದಿದ್ದವು, ಆದರೆ ಮೂರನೆಯದೇ ಯಾಕೆ? ತುಕ್ಕಿನ ಉಂಗುರ ನನ್ನ ತಲೆಯಲ್ಲೇ ಇತ್ತು.

"ಕಾಕಾ, ಗಾಡಿ ಎಲ್ಲಿಯಾದ್ರೂ ನೀರಾಗ ಸಿಕ್ಕಿತ್ತೇನ್ರಿ? ಇಲ್ಲಾ ಇಂಜಿನ್ ತೊಳಿಸಿದ್ರೇನು?"

ಕಾಕಾ ಸ್ವಲ್ಪ ಹೊತ್ತು ಯೋಚಿಸಿದರು. ಆಷಾಢ ಏಕಾದಶಿಗೆ ಪಂಢರಾಪುರಕ್ಕೆ ಬಾಡಿಗೆ ಹೋಗಿದ್ದರಂತೆ. ವಾರಕರಿಗಳ ದಾರಿ, ಪೂರಾ ಕೆಸರು. ಬಂದ ಮರುದಿನ ವಾಷಿಂಗ್ ಸೆಂಟರಿಗೆ ಬಿಟ್ಟಿದ್ದರು. "ಬಾನೆಟ್ ತೆಗೆದು ಪ್ರೆಶರ್ ಹೊಡಿ ಅಂತ ನಾನೇ ಅಂದಿದ್ದೆ ತಮ್ಮಾ. ಒಳಗ ಎಲ್ಲಾ ಮಣ್ಣು ಕೂತಿತ್ತು."

ಮೂರನೇ ಕಾಯಿಲ್ಲಿನ ಮೇಲಿನ ರಬ್ಬರ್ ವಾಷರ್ ಒಂದು ಕಡೆ ಸೀಳಿತ್ತು. ಪ್ರೆಶರ್ ನೀರು ಅಲ್ಲಿಂದ ಗುಂಡಿಗೆ ಇಳಿದಿದೆ. ಇಳಿದ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ. ಬಿಸಿ ಇಂಜಿನ್ನಿನಲ್ಲಿ ಹಬೆಯಾಗಿ ಬೂಟಿನೊಳಗೆಲ್ಲ ಸೇರಿಕೊಂಡಿದೆ. ಅಗಲವಾದ ಗ್ಯಾಪ್ ಮೊದಲೇ ಜಾಸ್ತಿ ವೋಲ್ಟೇಜ್ ಕೇಳುತ್ತಿತ್ತು. ಹಳೆ ರಬ್ಬರ್ ಮೊದಲೇ ಬಿರುಸಾಗಿತ್ತು. ತೇವ ಸೇರಿದ್ದೇ ತಡ, ಕಿಡಿ ಹೊರಗೆ ಜಾರಿದೆ. ನೀರು ಎರಡು ದಿನದಲ್ಲಿ ಆರಿ ಹೋಗಿದೆ, ಗೆರೆ ಉಳಿದುಕೊಂಡಿದೆ. ಪದ್ಮಿನಿ ಕಾಲದಲ್ಲೂ ಮಳೆಗೆ ಗಾಡಿ ನಿಲ್ಲುತ್ತಿತ್ತು. ಡೆಲ್ಕೋ ಕ್ಯಾಪ್ ಬಿಚ್ಚಿ ಬಟ್ಟೆಯಿಂದ ಒರೆಸಿದರೆ ಬಹಳ ಸಲ ಹೊರಟುಬಿಡುತ್ತಿತ್ತು. ಆಗ 30-40 ಸಾವಿರ ವೋಲ್ಟಿನ ಕಾಯಿಲ್ ಇರಲಿಲ್ಲ, ಬಾನೆಟ್ ತೆಗೆದು ಪ್ರೆಶರ್ ಹೊಡೆಯುವ ಅಂಗಡಿಯೂ ಓಣಿಗೊಂದು ಇರಲಿಲ್ಲ.

ಕಾಕಾ ಬೇಜಾರು ಮಾಡಿಕೊಂಡರು. ನೀರೊಂದೇ ಕಾರಣ ಅಲ್ಲ, ಪ್ಲಗ್ ಹೊಸದಿದ್ದು ವಾಷರ್ ಗಟ್ಟಿ ಇದ್ದಿದ್ದರೆ ತಡೆಯುತ್ತಿತ್ತು ಅಂತ ಹೇಳಿದೆ. ಅದು ನಿಜವೂ ಹೌದು.

ಸರಿ ಮಾಡಿದ್ದು

ನಾಲ್ಕೂ ಪ್ಲಗ್ ಹೊಸದು ಹಾಕಿದೆ. ಕಂಪನಿ ಹೇಳಿದ ನಂಬರಿನದೇ. ಒಂದೊಂದರ ಗ್ಯಾಪ್ ಅಳೆದೇ ಹಾಕಿದೆ, ಡಬ್ಬಿಯಲ್ಲಿ ಬಂದದ್ದು ಯಾವಾಗಲೂ ಸರಿ ಇರುತ್ತದೆ ಅಂತ ನಂಬುವುದಿಲ್ಲ. ಈ ಕಾಯಿಲ್ಲಿಗೆ ಬೂಟ್ ಬೇರೆಯಾಗಿ ಸಿಗುತ್ತದೆ, ಹಾಗಾಗಿ ಪೂರಾ ಕಾಯಿಲ್ ಕೊಳ್ಳಿಸಲಿಲ್ಲ. ನಾಲ್ಕೂ ಬೂಟ್, ಸ್ಪ್ರಿಂಗ್, ಮೇಲಿನ ವಾಷರ್ ಬದಲಿಸಿದೆ. ಗುಂಡಿಗಳನ್ನು ಗಾಳಿ ಹೊಡೆದು, ಒರೆಸಿ ಒಣಗಿಸಿದೆ. ಬೂಟಿನ ಒಳಬಾಯಿಗೆ ಕರೆಂಟ್ ಒಯ್ಯದ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿದೆ, ಸ್ಪ್ರಿಂಗ್ ತಾಗುವ ಜಾಗಕ್ಕೆ ಹತ್ತದ ಹಾಗೆ. ಪ್ಲಗ್ಗನ್ನು ಮೊದಲು ಕೈಯಿಂದ ತಿರುಗಿಸಿ, ಕೊನೆಗೆ ಟಾರ್ಕ್ ಪಾನಾದಿಂದ ಬಿಗಿ ಮಾಡಿಸಿದೆ. ಅಲ್ಯುಮಿನಿಯಂ ತಲೆಯ ಥ್ರೆಡ್ ಹೋದರೆ ಅದು ಬೇರೆಯದೇ ನೋವು.

ಕೋಡ್ ಅಳಿಸಿ, ಇಸಿಯು ಕಲಿತಿದ್ದ ಆ ಶೇಕಡಾ 17ನ್ನೂ ಅಳಿಸಿದೆ. ಮೂರೂವರೆಗೆ ಮತ್ತೆ ಘಾಟ್. ಮಳೆ ಜೋರಾಗಿತ್ತು. ಸಿಎನ್‌ಜಿ, ಮೂರನೇ ಗೇರ್, ಕಾಲು ಪೂರ್ತಿ. ಗಾಡಿ ಒಂದೇ ಸಮ ಏರಿತು. ಅಳಿಯ ಹಿಂದಿನಿಂದ ಎಣಿಕೆ ಓದಿ ಹೇಳುತ್ತಿದ್ದ: ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. ಮೇಲೆ ತಿರುಗಿಸಿ ಇಳಿದು, ಮತ್ತೊಮ್ಮೆ ಕಾಕಾನ ಕೈಗೇ ಸ್ಟೇರಿಂಗ್ ಕೊಟ್ಟು ಏರಿಸಿದೆ. ಗ್ಯಾಸ್ ತಿದ್ದುಪಡಿ ಶೇಕಡಾ 3ಕ್ಕೆ ಬಂದು ನಿಂತಿತು. ಕನ್ವರ್ಟರ್ ತಟ್ಟಿ ನೋಡಿದೆ, ಒಳಗೆ ಗಲಗಲ ಸದ್ದು ಇರಲಿಲ್ಲ. ಅದು ಉಳಿದಿತ್ತು. ಲೈಟು ಮಿಣುಕಿದಾಗೆಲ್ಲ ಕಾಕಾ ಪೆಟ್ರೋಲಿಗೆ ಬದಲಿಸುತ್ತಿದ್ದದ್ದರಿಂದ ಉಳಿಯಿತು ಅಂತ ನನ್ನ ಎಣಿಕೆ.

ಬಿಲ್ಲು ಮೊದಲಿನ ಗ್ಯಾರೇಜಿನಲ್ಲಿ ಆದದ್ದರ ಮೂರರಲ್ಲಿ ಒಂದು ಪಾಲೂ ಆಗಲಿಲ್ಲ. ಡೈರಿಯಲ್ಲಿ ಕಾಕಾ ತಮ್ಮ ಕೈಯಿಂದಲೇ ಬರೆದುಕೊಂಡರು: ಪ್ಲಗ್ 88 ಸಾವಿರಕ್ಕೆ, ಮುಂದೆ ನೋಡುವುದು 1 ಲಕ್ಷ 8 ಸಾವಿರಕ್ಕೆ. ಡಿಕ್ಕಿಯಲ್ಲಿ ಬಿಚ್ಚಿದ ಹಳೆ ಆಕ್ಸಿಜನ್ ಸೆನ್ಸರ್ ಬಿದ್ದಿತ್ತು. ಅದನ್ನು ಹಾಕಿ ಹತ್ತು ನಿಮಿಷ ಇಂಜಿನ್ ಓಡಿಸಿ ನೋಡಿದೆ. ವೋಲ್ಟೇಜ್ 0.1ರಿಂದ 0.9ರ ನಡುವೆ ಚುರುಕಾಗಿ ಏರಿಳಿಯುತ್ತಿತ್ತು. ಏನೂ ಕೆಟ್ಟಿರಲಿಲ್ಲ. ಹೊಸದನ್ನೇ ತಿರುಗಿ ಹಾಕಿ, ಹಳೆಯದನ್ನು ಪೇಪರಿನಲ್ಲಿ ಸುತ್ತಿ, ಮೇಲೆ "ಚಲೋ ಐತಿ" ಅಂತ ಬರೆದು ಕಾಕಾನ ಕೈಗೆ ಕೊಟ್ಟೆ. ಐದೂಕಾಲಿಗೆ ಅವರು ಬುಕಿಂಗಿಗೆ ಹೊರಟರು.